ಆಟದ ನೆಪ, ನಡಿಗೆಯ ಫಲ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂಬ ಗಾದೆಯನ್ನು ಹಿರಿಯರು ಹಣದ ವಿಷಯದಲ್ಲಿ ಹೇಳಿದರು. ಇಂದಿನ ಪಟ್ಟಣವಾಸಿಯ ಮಟ್ಟಿಗೆ ಅದನ್ನು ದೇಹದ ವಿಷಯದಲ್ಲಿಯೂ ಹೇಳಬಹುದಾಗಿದೆ. ಬೆಳಗ್ಗೆ ಕುರ್ಚಿಯಲ್ಲಿ ಕುಳಿತು ಕಾಫಿ ಕುಡಿದು, ವಾಹನದಲ್ಲಿ ಕುಳಿತು ಕಚೇರಿಗೆ ಹೋಗಿ, ಅಲ್ಲಿ ಎಂಟು ಗಂಟೆಗಳ ಕಾಲ ಗಣಕಯಂತ್ರದ ಮುಂದೆ ಕುಳಿತು, ಮತ್ತೆ ವಾಹನದಲ್ಲಿ ಕುಳಿತೇ ಮನೆಗೆ ಬಂದು, ದಣಿವಾಯಿತೆಂದು ಸೋಫಾದ ಮೇಲೆ ಕುಳಿತುಕೊಳ್ಳುವ ಮಹನೀಯನಿಗೆ ವೈದ್ಯರು ಹೇಳುವ ಮಾತು ಒಂದೇ: “ದಿನವೂ ಸ್ವಲ್ಪ ನಡೆಯಿರಿ.” ಔಷಧಗಳ ಪೈಕಿ ಇಷ್ಟು ಅಗ್ಗವಾದುದು ಮತ್ತೊಂದಿಲ್ಲ, ಇಷ್ಟೊಂದು ಉಪೇಕ್ಷೆಗೆ ಗುರಿಯಾದುದೂ ಮತ್ತೊಂದಿಲ್ಲ. ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ನುಂಗುವವನು ನಡಿಗೆಯನ್ನು ಮಾತ್ರ ನಾಳೆಗೆ ಎತ್ತಿಡುತ್ತಾನೆ. ಉಪದೇಶದಿಂದ ಆಗದ ಈ ಕಾರ್ಯ ಆಟದಿಂದ ಆದೀತೆ? ಮೊಬೈಲಿನ ಆಟಗಳನ್ನು ಕಟ್ಟುವ ಕೆಲವರು ಹಲವು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವ ಪ್ರಶ್ನೆ ಇದು.

ತುತ್ತು ಒಲ್ಲೆನೆಂದು ಹಟ ಹಿಡಿದ ಮಗುವನ್ನು ತಾಯಿ ಅಂಗಳಕ್ಕೆ ಎತ್ತಿಕೊಂಡು ಬಂದು ಚಂದ್ರನನ್ನು ತೋರಿಸುತ್ತಾಳೆ. ಮಗು ಬೆರಗಾಗಿ ಬಾಯಿ ತೆರೆಯುತ್ತದೆ. ತುತ್ತು ಒಳಗೆ ಹೋಗುತ್ತದೆ. ಮಗುವಿಗೆ ಚಂದ್ರ ಮುಖ್ಯ, ತಾಯಿಗೆ ತುತ್ತು ಮುಖ್ಯ. ನಡಿಗೆಗೆ ಪ್ರೇರಿಸುವ ಆಟದ ಮರ್ಮವೂ ಇಷ್ಟೇ. ಆಡುವವನಿಗೆ ಆಟ ಮುಖ್ಯ. ಕಟ್ಟಿದವನಿಗೆ ಹೆಜ್ಜೆ ಮುಖ್ಯ. ಕಡೆಯ ಪಕ್ಷ ಹಾಗಿರಬೇಕು. ಹಾಗಿದೆಯೇ ಎಂಬುದನ್ನು ವಿಚಾರಿಸುವುದು ಮಕ್ಕಳೊಂದಿಗರಾದ ಗೃಹಸ್ಥರಿಗೆಲ್ಲ ಒಳ್ಳೆಯದು.

ಬಸ್ಸಿನ ಮೆಟ್ಟಿಲು ಹೇಳಿದ ಪಾಠ

ನಡೆಯುವುದಕ್ಕೂ ಬಾಳುವುದಕ್ಕೂ ಇರುವ ನಂಟು ಅನುಭವಸ್ಥರಿಗೆ ಹಿಂದಿನಿಂದಲೂ ಗೊತ್ತಿದ್ದುದೇ. ಅದನ್ನು ಅಂಕಿಗಳ ಆಧಾರದಿಂದ ತೋರಿಸಿಕೊಟ್ಟವರಲ್ಲಿ ಬ್ರಿಟನ್ನಿನ ವೈದ್ಯ ಜೆರೆಮಿ ಮಾರಿಸ್ ಮೊದಲಿಗರು. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ಡ್ರೈವರು ದಿನವೆಲ್ಲ ಕುಳಿತಿರುತ್ತಿದ್ದ. ಕಂಡಕ್ಟರು ಟಿಕೆಟು ಕೊಡುವುದಕ್ಕಾಗಿ ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಇಬ್ಬರದೂ ಒಂದೇ ಊರು, ಒಂದೇ ಬಸ್ಸು, ಹೆಚ್ಚು ಕಡಮೆ ಒಂದೇ ಬಗೆಯ ಸಂಸಾರ. ಮಾರಿಸ್ ಮತ್ತು ಅವರ ಸಂಗಡಿಗರು ಇಂತಹ ಸುಮಾರು 31,000 ನೌಕರರ ಆರೋಗ್ಯವನ್ನು ಪರಿಶೀಲಿಸಿ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಂಡಕ್ಟರುಗಳಲ್ಲಿ ಹೃದಯದ ಬೇನೆ ಡ್ರೈವರುಗಳಿಗಿಂತ ಸ್ಪಷ್ಟವಾಗಿ ಕಡಮೆಯಿತ್ತು.

ಆದರೆ ಮಾರಿಸ್ ಆತುರದ ಮನುಷ್ಯರಾಗಿರಲಿಲ್ಲ. ಸ್ಥೂಲಕಾಯದವರೇ ಮೊದಲಿನಿಂದ ಡ್ರೈವರಿಕೆಯನ್ನು ಆರಿಸಿಕೊಂಡಿದ್ದರೆ? ಈ ಸಂದೇಹವನ್ನು ಪರಿಹರಿಸಲು ಅವರ ತಂಡ ಸಾರಿಗೆ ಸಂಸ್ಥೆ ನೌಕರರಿಗೆ ಹೊಲಿಸಿಕೊಡುತ್ತಿದ್ದ ಸಮವಸ್ತ್ರದ ಅಳತೆಗಳನ್ನೇ ತರಿಸಿ ನೋಡಿತು. ಡ್ರೈವರುಗಳ ಷರಾಯಿಯ ಸುತ್ತಳತೆ ನಿಜವಾಗಿಯೂ ಹೆಚ್ಚಿತ್ತು! ದರ್ಜಿಯ ಲೆಕ್ಕದ ಪುಸ್ತಕವೂ ವೈದ್ಯಶಾಸ್ತ್ರಕ್ಕೆ ಸಾಕ್ಷಿ ನುಡಿಯಿತು. ಹೀಗೆ ತಮ್ಮ ಸಿದ್ಧಾಂತವನ್ನು ತಾವೇ ಪ್ರಶ್ನಿಸುತ್ತ, ಅಂಚೆಯವರು ಗುಮಾಸ್ತರು ಮೊದಲಾದ ಇತರ ನೌಕರರನ್ನೂ ಪರಿಶೀಲಿಸಿ, ಚಲಿಸುವ ದೇಹಕ್ಕೆ ಹೃದಯರೋಗ ಕಡಮೆಯೆಂಬ ವಿಚಾರವನ್ನು ಅವರು ಬಲಪಡಿಸಿದರು. 1910ರಲ್ಲಿ ಹುಟ್ಟಿದ ಮಾರಿಸ್ 2009ರವರೆಗೆ ಬದುಕಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

ಹತ್ತು ಸಾವಿರದ ಮೋಹ

ಲಂಡನ್ನಿನ ಕಂಡಕ್ಟರು ತಾನು ಹತ್ತಿದ ಮೆಟ್ಟಿಲುಗಳನ್ನು ಎಣಿಸುತ್ತಿರಲಿಲ್ಲ; ಅದು ಅವನ ಹೊಟ್ಟೆಪಾಡು. ನಡೆಯುವ ಅಗತ್ಯವೇ ಇಲ್ಲದವನನ್ನು ನಡೆಸಬೇಕಾದಾಗ ಎಣಿಕೆ ಬೇಕಾಯಿತು. 1964ರಲ್ಲಿ ಟೋಕಿಯೋ ನಗರದಲ್ಲಿ ಒಲಿಂಪಿಕ್ ಪಂದ್ಯಗಳು ನಡೆದು ಜಪಾನಿನಲ್ಲಿ ವ್ಯಾಯಾಮದ ಉತ್ಸಾಹ ಹಬ್ಬಿತ್ತು. ಮರುವರ್ಷ ಅಲ್ಲಿಯ ಯಮಾಸಾ ಎಂಬ ಕಂಪೆನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ಪುಟ್ಟ ಯಂತ್ರವನ್ನು ಮಾರಾಟಕ್ಕೆ ತಂದು ‘ಮಾನ್‌ಪೋ ಕೇ’ ಎಂದು ಹೆಸರಿಟ್ಟಿತು. ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದು ಅದರ ಅರ್ಥ. ಇಂದು ಜಗತ್ತಿನ ಮೊಬೈಲುಗಳೆಲ್ಲ ಜಪಿಸುವ ಹತ್ತು ಸಾವಿರ ಹೆಜ್ಜೆಗಳ ಮಂತ್ರಕ್ಕೆ ಮೂಲ ಈ ಹೆಸರು. ಆಸ್ಪತ್ರೆಯ ಪರೀಕ್ಷೆಗಳಿಂದ ಹೊರಟ ಸಂಖ್ಯೆ ಅದಲ್ಲ. ನಾಲಗೆಗೆ ಸುಲಭವಾದ, ನೆನಪಿಗೆ ನಿಲ್ಲುವ ತುಂಬು ಸಂಖ್ಯೆಯೆಂದೇ ಅದು ಜನಪ್ರಿಯವಾಯಿತು.

ಅನಂತರದ ಸಂಶೋಧನೆ ಈ ಮಂತ್ರವನ್ನು ಸ್ವಲ್ಪ ಸಡಿಲಿಸಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಐ-ಮಿನ್ ಲೀ ಮತ್ತು ಅವರ ಸಹೋದ್ಯೋಗಿಗಳು 16,741 ಮಂದಿ ವೃದ್ಧ ಮಹಿಳೆಯರ ಹೆಜ್ಜೆಗಳನ್ನು ಅಳೆದು 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುತ್ತಿದ್ದವರಿಗೆ ಹೋಲಿಸಿದರೆ ಸುಮಾರು 4,400 ಹೆಜ್ಜೆ ಇಡುತ್ತಿದ್ದವರಲ್ಲಿ ಮರಣದ ಪ್ರಮಾಣ ನೂರಕ್ಕೆ 41ರಷ್ಟು ಕಡಮೆಯಿತ್ತು. ಹೆಜ್ಜೆ ಹೆಚ್ಚಿದಂತೆ ಲಾಭವೂ ಹೆಚ್ಚಿ, 7,500ರ ಸುಮಾರಿಗೆ ಸಮಸ್ಥಿತಿಗೆ ಬಂದಿತು. ಆರೋಗ್ಯವಂತರೇ ಹೆಚ್ಚು ನಡೆಯುತ್ತಾರಾದ್ದರಿಂದ ಇಂತಹ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಆದರೂ ಆಟ ಕಟ್ಟುವವನಿಗೆ ಇದರಲ್ಲಿ ಒಂದು ಬುದ್ಧಿವಾದವುಂಟು. ಮೂರು ಸಾವಿರ ಹೆಜ್ಜೆ ನಡೆಯುವ ಅಜ್ಜಿಯ ಮುಂದೆ ಹತ್ತು ಸಾವಿರದ ಬೆಟ್ಟವನ್ನು ನಿಲ್ಲಿಸಿದರೆ ಆಕೆ ಬೆಟ್ಟಕ್ಕೆ ಕೈಮುಗಿದು ಕುಳಿತಲ್ಲಿಯೇ ಕೂಡುತ್ತಾಳೆ. ನಿನ್ನೆಗಿಂತ ಒಂದು ಸಾವಿರ ಹೆಚ್ಚು ಎಂದರೆ ಎದ್ದು ಚಪ್ಪಲಿ ಮೆಟ್ಟಿಕೊಂಡಾಳು.

ಎಣಿಸಿ ನಡೆಯುವುದು ನಮ್ಮ ನಾಡಿಗೆ ಹೊಸತೇನಲ್ಲ. ಅಶ್ವತ್ಥಕಟ್ಟೆಗೆ ನೂರೆಂಟು ಪ್ರದಕ್ಷಿಣೆ ಹರಸಿಕೊಂಡ ಗೃಹಿಣಿ ಲೆಕ್ಕ ತಪ್ಪದಿರಲೆಂದು ಕಾಳುಗಳನ್ನು ಎತ್ತಿಡುತ್ತಾಳೆ. ಆಟದ ಮೂಲಕ ನಡತೆ ಕಲಿಸುವುದೂ ಹೊಸತಲ್ಲ. ವೈಕುಂಠ ಏಕಾದಶಿಯ ಜಾಗರಣೆಗೆ ಹಾಸುತ್ತಿದ್ದ ಪರಮಪದ ಸೋಪಾನಪಟದಲ್ಲಿ ಏಣಿ ಪುಣ್ಯದ್ದು, ಹಾವು ಪಾಪದ್ದು. ದಾಳ ಉರುಳಿಸುತ್ತ ಹುಡುಗರು ಸದ್ಗುಣ ದುರ್ಗುಣಗಳ ಹೆಸರನ್ನು ಕಲಿಯುತ್ತಿದ್ದರು. ಅಲ್ಲಿ ನಡೆಯುತ್ತಿದ್ದುದು ಕಾಯಿ ಮಾತ್ರ, ಆಡುವವನು ಕುಳಿತೇ ಇರುತ್ತಿದ್ದ. ಕಾಯಿಯ ಬದಲು ಆಟಗಾರನೇ ನಡೆಯುವಂತಾದರೆ? ಊರೇ ಪಟವಾದರೆ? ಹೊಸ ಆಟದ ಹೊಸತನವೆಲ್ಲ ಇಲ್ಲಿದೆ.

ಊರೇ ಆಟದ ಪಟ

ಟೋಕಿಯೋ ನಗರದ ಅಂಚಿನ ಮಾಚಿದಾ ಎಂಬಲ್ಲಿ ಬೆಳೆದ ಸತೋಶಿ ತಾಜಿರಿ ಎಂಬವರಿಗೆ ಬಾಲ್ಯದಲ್ಲಿ ಹುಳುಗಳನ್ನು ಹಿಡಿದು ಕೂಡಿಡುವ ಹುಚ್ಚು. ಅವರು ಬೆಳೆದಂತೆ ಊರೂ ಬೆಳೆದು, ಕೆರೆ ಗದ್ದೆಗಳಿದ್ದ ಕಡೆ ಕಟ್ಟಡಗಳೆದ್ದವು. ಹುಳು ಹಿಡಿಯುವ ಸುಖವನ್ನು ನಗರದ ಮಕ್ಕಳಿಗೂ ಕೊಡಬೇಕೆಂಬ ಹಂಬಲದಿಂದ ಅವರು ರೂಪಿಸಿದ, 1996ರಲ್ಲಿ ಹೊರಬಂದ ಆಟವೇ ಪೋಕೆಮಾನ್. ವಿಚಿತ್ರ ಪ್ರಾಣಿಗಳನ್ನು ಹುಡುಕಿ ಹಿಡಿದು ಸಾಕುವ ಆಟ ಅದು. ವಿಪರ್ಯಾಸವೆಂದರೆ, ಬಯಲಿನ ಅಲೆದಾಟದಿಂದ ಹುಟ್ಟಿದ ಆಟ ಮಕ್ಕಳನ್ನು ಅಂಗೈಯಗಲದ ಪರದೆಗೆ ಅಂಟಿಸಿತು. ಅದನ್ನು ತಿದ್ದುವ ಪ್ರಯತ್ನವೋ ಎಂಬಂತೆ 1998ರಲ್ಲಿ ನಿಂಟೆಂಡೊ ಕಂಪೆನಿ ಹೆಜ್ಜೆ ಎಣಿಸುವ ಒಂದು ಆಟಿಕೆಯನ್ನು ತಂದಿತು. 20 ಹೆಜ್ಜೆಗೆ ಒಂದು ‘ವಾಟ್’ ಸಂಪಾದನೆ; ಅದನ್ನು ಕಾಣಿಕೆಯಾಗಿ ಕೊಟ್ಟರೆ ಪರದೆಯೊಳಗಿನ ಪಿಕಾಚು ಎಂಬ ಮುದ್ದುಪ್ರಾಣಿ ಒಲಿಯುತ್ತಿತ್ತು.

ಇತ್ತ ಅಮೆರಿಕದಲ್ಲಿ ಜಾನ್ ಹ್ಯಾಂಕಿ ಎಂಬವರ ಕಂಪೆನಿಯನ್ನು ಗೂಗಲ್ 2004ರಲ್ಲಿ ಕೊಂಡುಕೊಂಡಿತು. ಆ ಕಂಪೆನಿಯ ಕೆಲಸವೇ ‘ಗೂಗಲ್ ಅರ್ಥ್’ ಎಂಬ ಭೂಪಟವಾಯಿತು. ಭೂಪಟ ಕೈಸೇರಿದ ಮೇಲೆ ಅದರ ಮೇಲೆ ಆಟ ಕಟ್ಟುವ ಯೋಚನೆ ಬಂದುದು ಸಹಜ. ಹ್ಯಾಂಕಿ 2010ರಲ್ಲಿ ಗೂಗಲ್ಲಿನ ಒಳಗೇ ನಯಾಂಟಿಕ್ ಎಂಬ ತಂಡವನ್ನು ಕಟ್ಟಿದರು. ಚಿನ್ನದ ಆಸೆಗಾಗಿ ಜನರು ಸ್ಯಾನ್ ಫ್ರಾನ್ಸಿಸ್ಕೋಗೆ ಮುಗಿಬಿದ್ದ ಕಾಲದಲ್ಲಿ ಅಲ್ಲಿಗೆ ಬಂದ ಹಡಗೊಂದರ ಹೆಸರು ಅದು. 2012ರಲ್ಲಿ ಅವರ ತಂಡ ‘ಇಂಗ್ರೆಸ್’ ಎಂಬ ಆಟವನ್ನು ಹೊರತಂದಿತು. ವಿಗ್ರಹ, ಸ್ಮಾರಕ, ಗೋಡೆಯ ಚಿತ್ರ ಮುಂತಾದ ನಿಜವಾದ ಸ್ಥಳಗಳ ಬಳಿಗೆ ಆಟಗಾರರು ನಡೆದು ಹೋಗಿ ಅವುಗಳನ್ನು ತಮ್ಮ ಪಕ್ಷಕ್ಕೆ ಗೆಲ್ಲಬೇಕಾಗಿತ್ತು. ಹೊಸ ಸ್ಥಳಗಳನ್ನು ಆಟಗಾರರೇ ಸೂಚಿಸುತ್ತಿದ್ದರು. ಹೀಗೆ ಜನರೇ ಕೂಡಿಸಿದ ಸ್ಥಳಗಳ ಪಟ್ಟಿಯ ಮೇಲೆ ಜಪಾನಿನ ಮುದ್ದುಪ್ರಾಣಿಗಳನ್ನು ತಂದು ಬಿಟ್ಟಾಗ ‘ಪೋಕೆಮಾನ್ ಗೋ’ ಹುಟ್ಟಿತು. 2016ರ ಜುಲೈಯಲ್ಲಿ ಅದು ಬಿಡುಗಡೆಯಾದಾಗ ಅಮೆರಿಕದ ಉದ್ಯಾನಗಳಲ್ಲಿ ನಡುರಾತ್ರಿಯವರೆಗೆ ಜನ ಜಾತ್ರೆಯಂತೆ ನೆರೆದರು.

ಈ ಆಟದ ಒಳಗಟ್ಟನ್ನು ಸ್ವಲ್ಪ ನೋಡಬೇಕು. ಆಟಗಾರನಿಗೆ ಒಂದು ಮೊಟ್ಟೆ ಸಿಗುತ್ತದೆ. ಅದಕ್ಕೆ ಕಾವು ಕೊಡುವುದು ಕೋಳಿಯಲ್ಲ, ಆಟಗಾರನ ಕಾಲು. ಕೆಲವು ಮೊಟ್ಟೆಗಳು 2 ಕಿಲೋಮೀಟರು ನಡೆದರೆ ಒಡೆಯುತ್ತವೆ, ಕೆಲವು 5ಕ್ಕೆ, ಕೆಲವು 10ಕ್ಕೆ. ಒಳಗೆ ಯಾವ ಪ್ರಾಣಿ ಇದೆಯೆಂಬುದು ಒಡೆಯುವವರೆಗೆ ಗುಟ್ಟು. ಮಿತವಾದ ಶ್ರಮ, ಗೊತ್ತಾದ ಗುರಿ, ಗೊತ್ತಾಗದ ಫಲ: ಈ ಮೂರು ಸೇರಿದರೆ ಮನುಷ್ಯನ ಕುತೂಹಲ ಕೆರಳದೆ ಇರದು. ಆಟೋದಲ್ಲಿ ಕುಳಿತು ಹತ್ತು ಕಿಲೋಮೀಟರು ಸುತ್ತಿ ಬಂದರಾಯಿತಲ್ಲ ಎಂದು ಯಾರಾದರೂ ಕೇಳಿಯಾರು. ಅದಕ್ಕೂ ಕಡಿವಾಣವಿದೆ. ಗಂಟೆಗೆ ಸುಮಾರು ಹತ್ತೂವರೆ ಕಿಲೋಮೀಟರಿಗಿಂತ ವೇಗವಾಗಿ ಚಲಿಸಿದರೆ ಆ ದೂರ ಲೆಕ್ಕಕ್ಕೆ ಬಾರದು. 2018ರಲ್ಲಿ ಇನ್ನೊಂದು ಸುಧಾರಣೆಯಾಯಿತು. ಆಟವನ್ನು ತೆರೆಯದೆ ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡು ನಡೆದರೂ ದೂರ ಎಣಿಕೆಯಾಗುವಂತೆ ಮಾಡಿ, ವಾರಕ್ಕೆ 5, 25, 50 ಕಿಲೋಮೀಟರು ನಡೆದವರಿಗೆ ಬಹುಮಾನವಿಟ್ಟರು. ತಲೆ ತಗ್ಗಿಸಿ ಪರದೆ ನೋಡುತ್ತ ನಡೆಯುವುದಕ್ಕಿಂತ ತಲೆಯೆತ್ತಿ ದಾರಿ ನೋಡುತ್ತ ನಡೆಯುವುದು ಮೇಲಲ್ಲವೆ?

ಆರು ವಾರಗಳ ಆರಂಭಶೂರತ್ವ

ಇಷ್ಟೆಲ್ಲ ಆದ ಮೇಲೆ ಜನ ನಿಜವಾಗಿ ಎಷ್ಟು ನಡೆದರು? ಅಮೆರಿಕದ ತರುಣ ತರುಣಿಯರನ್ನು ಕುರಿತ ಒಂದು ಅಧ್ಯಯನ 2016ರ ಡಿಸೆಂಬರಿನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. 1,182 ಮಂದಿಯಲ್ಲಿ ಆಟವನ್ನು ಹಚ್ಚಿಕೊಂಡವರು 560. ಮೊದಲನೆಯ ವಾರ ಇವರು ದಿನಕ್ಕೆ ಸರಾಸರಿ 955 ಹೆಜ್ಜೆ ಹೆಚ್ಚಾಗಿ ನಡೆದರು. ಎರಡನೆಯ ವಾರದಿಂದ ಉತ್ಸಾಹ ಇಳಿಮುಖವಾಗಿ, ಆರನೆಯ ವಾರಕ್ಕೆ ಎಲ್ಲರೂ ಮೊದಲಿದ್ದಲ್ಲಿಗೇ ಬಂದು ಮುಟ್ಟಿದರು. ಆರಂಭಶೂರತ್ವವೆಂಬ ಮಾತನ್ನು ನಮ್ಮವರು ಸುಮ್ಮನೆ ಟಂಕಿಸಲಿಲ್ಲ. ಅದೇ ತಿಂಗಳು ಬೆಳಕು ಕಂಡ, ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರು ಪಾಲುಗೊಂಡಿದ್ದ ಮತ್ತೊಂದು ಅಧ್ಯಯನ ಸ್ವಲ್ಪ ಆಶಾದಾಯಕವಾಗಿದೆ. ಆಟದಲ್ಲಿ ತೀವ್ರ ಆಸಕ್ತಿಯುಳ್ಳವರು ಮೂವತ್ತು ದಿನಗಳ ಅವಧಿಯಲ್ಲಿ ದಿನಕ್ಕೆ ಸರಾಸರಿ 1,473 ಹೆಜ್ಜೆ ಹೆಚ್ಚಿಸಿಕೊಂಡಿದ್ದರು; ಮೊದಲು ತೀರ ಕಡಮೆ ನಡೆಯುತ್ತಿದ್ದವರೂ ಈ ಲಾಭ ಪಡೆದವರಲ್ಲಿದ್ದರು. ಆದರೆ ಅದು ಮೂವತ್ತು ದಿನಗಳ ಮಾತು.

ಇಲ್ಲಿ ಇನ್ನೊಂದು ಸಂಶೋಧನೆಯನ್ನು ಪಕ್ಕದಲ್ಲಿಟ್ಟು ನೋಡುವುದು ಸ್ವಾರಸ್ಯವಾಗಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಅವರ ಸಂಗಡಿಗರು ಹೊಸ ಅಭ್ಯಾಸವೊಂದು ಮೈಗೂಡಲು ಎಷ್ಟು ದಿನ ಬೇಕೆಂಬುದನ್ನು 96 ಮಂದಿಯಲ್ಲಿ ಪರೀಕ್ಷಿಸಿದರು. ಕೆಲವರಿಗೆ 18 ದಿನ ಸಾಕಾಗುವಂತಿತ್ತು, ಕೆಲವರಿಗೆ 254 ದಿನ ಬೇಕಾಗುವಂತಿತ್ತು. ನಡುವಣ ಲೆಕ್ಕ 66 ದಿನ. ಆಟದ ಮೋಹ ಇಳಿದದ್ದು ಆರು ವಾರಕ್ಕೆ, ಎಂದರೆ 42 ದಿನಕ್ಕೆ. ಅಭ್ಯಾಸ ನೆಲೆಗೊಳ್ಳುವುದು ಅದಕ್ಕಿಂತ ಮೂರು ವಾರ ತಡವಾಗಿ. ಎರಡೂ ಬೇರೆ ಬೇರೆ ಅಧ್ಯಯನಗಳಾದ್ದರಿಂದ ಈ ಲೆಕ್ಕವನ್ನು ಕೂದಲು ಸೀಳುವಂತೆ ಹಿಡಿಯಬಾರದು. ಆದರೂ ಹೊಳೆಯ ಮಧ್ಯದಲ್ಲಿ ದೋಣಿ ಕೈಬಿಟ್ಟಿತೆಂಬುದು ಮಾತ್ರ ಸ್ಪಷ್ಟ. ಆಚೆಯ ದಡ ಮುಟ್ಟಿಸುವುದು ಹೇಗೆಂಬುದೇ ಆಟ ಕಟ್ಟುವವನ ನಿಜವಾದ ಪರೀಕ್ಷೆ.

ಬಹುಮಾನ ಹೆಚ್ಚಿಸಿದರಾಗದೆ ಎಂದು ಮೊದಲು ತೋರುತ್ತದೆ. ಈ ಯೋಚನೆಗೆ 1973ರ ಒಂದು ಪ್ರಯೋಗ ಎಚ್ಚರಿಕೆ ಹೇಳುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಚಿತ್ರ ಬರೆಯುವುದೆಂದರೆ ಪ್ರಾಣ ಬಿಡುವ ಮಕ್ಕಳನ್ನು ಆರಿಸಿಕೊಂಡು, ಚಿತ್ರ ಬರೆದರೆ ಬಹುಮಾನದ ಪತ್ರ ಕೊಡುವುದಾಗಿ ಕೆಲವರಿಗೆ ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳಲಿಲ್ಲ. ಒಂದೆರಡು ವಾರಗಳ ಮೇಲೆ ನೋಡಿದರೆ, ಬಹುಮಾನದ ಆಸೆಯಿಂದ ಬರೆದಿದ್ದ ಮಕ್ಕಳು ಬಿಡುವಿನ ವೇಳೆಯಲ್ಲಿ ಬಣ್ಣದ ಪೆನ್ನುಗಳನ್ನು ಮುಟ್ಟುತ್ತಿದ್ದುದು ಉಳಿದ ಮಕ್ಕಳ ಅರ್ಧದಷ್ಟು ಹೊತ್ತು ಮಾತ್ರ! ಸಂತೋಷಕ್ಕಾಗಿ ಮಾಡುತ್ತಿದ್ದ ಕೆಲಸ ಕೂಲಿಯಾಯಿತು. ಕೂಲಿ ನಿಂತೊಡನೆ ಕೆಲಸವೂ ನಿಂತಿತು.

ಬಹುಮಾನದ ಆಸೆ ಇನ್ನೂ ಹೆಚ್ಚಿದರೆ ಮೋಸಕ್ಕೆ ಹಾದಿಯಾಗುತ್ತದೆ. ಮೊಬೈಲನ್ನು ಮಲಗಿಸಿ ತೂಗಿದರೆ ಅದು ಹೆಜ್ಜೆಗಳೆಂದು ಎಣಿಸಿಕೊಳ್ಳುತ್ತದೆ. ಇದಕ್ಕಾಗಿಯೇ ಪುಟ್ಟ ತೊಟ್ಟಿಲಿನಂತಹ ಯಂತ್ರಗಳು ಮಾರಾಟಕ್ಕೆ ಬಂದಿವೆ. ಮೊಬೈಲು ತೊಟ್ಟಿಲಲ್ಲಿ ಹತ್ತು ಸಾವಿರ ಹೆಜ್ಜೆ ನಡೆಯುತ್ತದೆ, ಒಡೆಯ ಮಂಚದಲ್ಲಿ ಗೊರಕೆ ಹೊಡೆಯುತ್ತಾನೆ! ಇರುವ ಸ್ಥಳವನ್ನೇ ಸುಳ್ಳು ಹೇಳಿ, ಮನೆಯಲ್ಲಿ ಕುಳಿತು ಪ್ಯಾರಿಸಿನಲ್ಲಿ ಅಲೆಯುತ್ತಿರುವಂತೆ ಆಟವನ್ನು ನಂಬಿಸುವ ತಂತ್ರಗಳೂ ಉಂಟು. ಕಂಪೆನಿಗಳು ಇವನ್ನು ಹಿಡಿದು ಶಿಕ್ಷಿಸಲು ಹೆಣಗುತ್ತವೆ. ಆದರೆ ಈ ಮೋಸದಿಂದ ನಷ್ಟವಾಗುವುದು ಕಂಪೆನಿಗಲ್ಲ, ನಡೆಯದ ಕಾಲುಗಳಿಗೆ.

ಮನೆಮಂದಿಯ ಎಪ್ಪತ್ತು ಅಂಕ

ಹಾಗಾದರೆ ಉಳಿಯುವ ಆಟ ಯಾವುದು? ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯರು ಮುಂದಾಗಿ ನಡೆಸಿ, 2017ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸಂಸಾರಸ್ಥರ ಗಮನಕ್ಕೆ ಯೋಗ್ಯವಾಗಿದೆ. ಫ್ರೇಮಿಂಗ್‌ಹ್ಯಾಮ್ ಊರಿನ ಹೃದಯರೋಗ ಸಮೀಕ್ಷೆಗೆ ಸೇರಿದ 94 ಕುಟುಂಬಗಳ 200 ಮಂದಿ ವಯಸ್ಕರು ಇದರಲ್ಲಿ ಪಾಲ್ಗೊಂಡರು. ಅವರವರ ಮಾಮೂಲು ನಡಿಗೆಯನ್ನು ಮೊದಲು ಅಳೆದು, ಅದಕ್ಕಿಂತ ಇಂತಿಷ್ಟು ಹೆಚ್ಚು ನಡೆಯುವೆನೆಂದು ಪ್ರತಿಯೊಬ್ಬರೂ ತಮ್ಮ ಗುರಿಯನ್ನು ತಾವೇ ಗೊತ್ತುಮಾಡಿಕೊಂಡರು. ಅರ್ಧ ಕುಟುಂಬಗಳಿಗೆ ಗುರಿ ಮುಟ್ಟಿದರೋ ಇಲ್ಲವೋ ಎಂಬ ದೈನಂದಿನ ಸಂದೇಶ ಮಾತ್ರ. ಉಳಿದ ಅರ್ಧಕ್ಕೆ ಆಟ.

ಆಟದ ನಿಯಮ ಹೀಗೆ. ವಾರದ ಮೊದಲಲ್ಲಿ ಪ್ರತಿ ಕುಟುಂಬಕ್ಕೂ 70 ಅಂಕಗಳನ್ನು ಕೊಟ್ಟುಬಿಡುತ್ತಾರೆ. ದಿನವೂ ಮನೆಯವರಲ್ಲಿ ಒಬ್ಬರ ಹೆಸರನ್ನು ಚೀಟಿಯೆತ್ತಿದಂತೆ ಆರಿಸುತ್ತಾರೆ. ಆ ವ್ಯಕ್ತಿ ಹಿಂದಿನ ದಿನ ತನ್ನ ಗುರಿಯನ್ನು ಮುಟ್ಟಿದ್ದರೆ ಅಂಕಗಳು ಉಳಿಯುತ್ತವೆ. ಇಲ್ಲವಾದರೆ ಇಡೀ ಮನೆಗೆ 10 ಅಂಕ ನಷ್ಟ. ಹೆಸರು ಯಾರದು ಬರುವುದೋ ಮೊದಲೇ ತಿಳಿಯದು. ಇದರಲ್ಲಿ ಮನುಷ್ಯಸ್ವಭಾವದ ಎರಡು ಗುಟ್ಟುಗಳು ಅಡಗಿವೆ. ಗಳಿಸುವ ಆಸೆಗಿಂತ ಕಳೆದುಕೊಳ್ಳುವ ಭಯ ಬಲವತ್ತರವಾದದ್ದು. ತನಗಾಗಿ ಎದ್ದು ಹೊರಡದವನು ತನ್ನಿಂದ ಮನೆಯವರಿಗೆ ನಷ್ಟವಾಗದಿರಲೆಂದು ಎದ್ದು ಹೊರಡುತ್ತಾನೆ.

ಹನ್ನೆರಡು ವಾರಗಳ ಕಾಲ ಈ ಆಟ ನಡೆಯಿತು. ಆಟವಿಲ್ಲದ ಕುಟುಂಬಗಳ ನಡಿಗೆ ದಿನಕ್ಕೆ ಸರಾಸರಿ 636 ಹೆಜ್ಜೆ ಹೆಚ್ಚಿದ್ದರೆ, ಆಟವಾಡಿದವರ ನಡಿಗೆ 1,661 ಹೆಜ್ಜೆ ಹೆಚ್ಚಿತ್ತು. ಅದಕ್ಕಿಂತ ದೊಡ್ಡ ಮಾತೆಂದರೆ, ಆಟ ನಿಂತ ಮೇಲಿನ ಹನ್ನೆರಡು ವಾರಗಳಲ್ಲಿಯೂ ಅವರು ಮೊದಲಿಗಿಂತ 1,385 ಹೆಜ್ಜೆ ಹೆಚ್ಚಾಗಿಯೇ ನಡೆಯುತ್ತಿದ್ದರು. ಇನ್ನೊಂದು ಗುಂಪಿನವರದು 798. ಚಿತ್ರವಿಲ್ಲ, ಸಂಗೀತವಿಲ್ಲ, ಮುದ್ದುಪ್ರಾಣಿಯಿಲ್ಲ. ಎಪ್ಪತ್ತು ಅಂಕ, ಒಂದು ಚೀಟಿ, ಮನೆಯವರ ಮರ್ಯಾದೆ. ಕೋಟ್ಯಂತರ ಡಾಲರುಗಳ ಆಟ ಆರು ವಾರಕ್ಕೆ ಸೋತ ಕಡೆ ಈ ಬಡ ಆಟ ಇಪ್ಪತ್ತನಾಲ್ಕು ವಾರ ಬಾಳಿತು. ಇನ್ನೂರು ಜನರ ಪ್ರಯೋಗವನ್ನು ಲೋಕಕ್ಕೆಲ್ಲ ಅನ್ವಯಿಸಬಾರದೆಂಬುದು ನಿಜ. ಆದರೂ ರಾತ್ರಿಯ ಊಟವಾದ ಮೇಲೆ “ನಿನ್ನದು ಎಷ್ಟಾಯಿತಮ್ಮಾ?” ಎಂದು ಕೇಳುವ ಮಗನೂ, “ಇನ್ನೂ ಮುನ್ನೂರು ಉಳಿದಿದೆಯೋ, ಬೀದಿಯ ಕೊನೆಯವರೆಗೆ ಬಾ” ಎನ್ನುವ ತಾಯಿಯೂ ಇರುವ ಮನೆಯಲ್ಲಿ ಬೇರೆ ಆಟ ಬೇಕೆ?

ದಾರಿಯ ಧರ್ಮ

ಆಟ ಬೀದಿಗೆ ಇಳಿದೊಡನೆ ಬೀದಿಯ ಧರ್ಮಕ್ಕೂ ಒಳಪಡಬೇಕು. ಕುಳಿತು ಆಡುವ ಆಟದಲ್ಲಿ ತಪ್ಪಿದರೆ ಕಾಯಿ ಹೋದೀತು, ಬೀದಿಯ ಆಟದಲ್ಲಿ ತಪ್ಪಿದರೆ ಪ್ರಾಣವೇ ಹೋಗಬಹುದು. 2016ರ ಆಗಸ್ಟಿನಲ್ಲಿ ಜಪಾನಿನ ಟೋಕುಶಿಮಾ ಎಂಬಲ್ಲಿ ವಾಹನ ನಡೆಸುತ್ತಲೇ ಈ ಆಟವಾಡುತ್ತಿದ್ದವನೊಬ್ಬ ರಸ್ತೆ ದಾಟುತ್ತಿದ್ದ ಮಹಿಳೆಯ ಸಾವಿಗೆ ಕಾರಣನಾದನು. ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ಯೆಹೂದ್ಯರ ನರಮೇಧದ ಸ್ಮಾರಕ ವಸ್ತುಸಂಗ್ರಹಾಲಯದವರು ತಮ್ಮ ಆವರಣದಲ್ಲಿ ಆಡಬಾರದೆಂದು ಬೇಡಿಕೊಳ್ಳಬೇಕಾಯಿತು. ಅಣುಬಾಂಬಿನಿಂದ ಮಡಿದವರ ನೆನಪಿನ ಹಿರೋಶಿಮಾ ಶಾಂತಿ ಉದ್ಯಾನದಿಂದಲೂ ಪ್ರಾಣಿಗಳನ್ನು ತೆಗೆಸಬೇಕಾಯಿತು. ಭೂಪಟಕ್ಕೆ ಎಲ್ಲ ಸ್ಥಳವೂ ಒಂದೇ ಚುಕ್ಕೆ. ಮನುಷ್ಯನಿಗೆ ಒಂದು ಉದ್ಯಾನ, ಒಂದು ಸ್ಮಶಾನ.

ಭಾರತದಲ್ಲಿ ಆಟ ಅಧಿಕೃತವಾಗಿ ಬರುವುದಕ್ಕೆ ಮೊದಲೇ ವ್ಯಾಜ್ಯ ಬಂದಿತು. ದೇವಾಲಯಗಳಿರುವ ಕಡೆ ಮೊಟ್ಟೆಗಳು ದೊರೆಯುವಂತಿರುವುದು ಭಕ್ತರ ಭಾವನೆಗೆ ನೋವೆಂದು 2016ರ ಸೆಪ್ಟೆಂಬರಿನಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯದ ಮುಂದೆ ಅರ್ಜಿಯೊಂದು ವಿಚಾರಣೆಗೆ ಬಂದಿತು. ಆ ವರ್ಷದ ಡಿಸೆಂಬರಿನಲ್ಲಿ ಜಿಯೋ ಕಂಪೆನಿಯ ಸಹಯೋಗದಿಂದ ಆಟ ಇಲ್ಲಿ ಬಿಡುಗಡೆಯಾದಾಗ ಆ ಸಮೂಹದ ಅಂಗಡಿಗಳೇ ಆಟದ ತಂಗುದಾಣಗಳಾದವು. ನಡಿಗೆಯ ಗುರಿ ಬೆಟ್ಟವೋ ಕೆರೆಯೋ ಆಗಬಹುದಿತ್ತು. ಅದು ಅಂಗಡಿಯ ಬಾಗಿಲಾದರೆ ಆ ನಡಿಗೆಯಿಂದ ಯಾರಿಗೆ ಲಾಭವೆಂದು ಕೇಳುವುದು ತಪ್ಪಲ್ಲ. ಇದಲ್ಲದೆ, ನಡೆದ ದಾರಿಯ ವಿವರವೆಲ್ಲ ಕಂಪೆನಿಯ ಲೆಕ್ಕದಲ್ಲಿ ಸೇರುತ್ತದೆ. ಮಗಳು ಯಾವ ಹೊತ್ತಿಗೆ ಯಾವ ಬೀದಿಯಲ್ಲಿದ್ದಳೆಂಬುದು ಮನೆಯವರಿಗಿಂತ ಮೊದಲು ಪರಕೀಯರಿಗೆ ತಿಳಿಯುವ ವ್ಯವಸ್ಥೆಯನ್ನು ಒಪ್ಪುವ ಮೊದಲು ತಂದೆತಾಯಿಗಳು ಯೋಚಿಸಬೇಕು. ಇವೆಲ್ಲಕ್ಕಿಂತ ಮೊದಲು ನಡೆಯಲು ದಾರಿ ಬೇಕು. ಕಾಲುದಾರಿಯ ಮೇಲೆ ಸ್ಕೂಟರು ನಿಂತು, ಚಪ್ಪಡಿಕಲ್ಲು ಬಾಯ್ದೆರೆದು ಮಲಗಿರುವ ಊರಿನಲ್ಲಿ ಎಂತಹ ಚತುರ ಆಟವೂ ಬೀದಿಯ ತಿರುವಿನಲ್ಲಿಯೇ ಮುಗಿದೀತು.

ನೆಪ ಮತ್ತು ಫಲ

ಕಡೆಗೆ ತಾಯಿ ಮತ್ತು ಚಂದ್ರನ ಮಾತಿಗೆ ಬರಬೇಕು. 2020ರಲ್ಲಿ ಸಾಂಕ್ರಾಮಿಕ ರೋಗ ಲೋಕವನ್ನೆಲ್ಲ ಮನೆಯೊಳಗೆ ಕೂಡಿಹಾಕಿದಾಗ, ನಡಿಗೆಗಾಗಿ ಕಟ್ಟಿದ ಪೋಕೆಮಾನ್ ಗೋ ಆಟವನ್ನು ಕುಳಿತಲ್ಲಿಂದ ಆಡುವ ಅನುಕೂಲಗಳನ್ನು ಕಂಪೆನಿ ಕಲ್ಪಿಸಿತು. ಹಣ ಕೊಟ್ಟು ಚೀಟಿ ಕೊಂಡರೆ ದೂರದ ಕಾಳಗಗಳಲ್ಲಿ ಮನೆಯಿಂದಲೇ ಸೇರಬಹುದಾಯಿತು. ಆ ಸಂಕಟದ ದಿನಗಳಲ್ಲಿ ಅದು ನ್ಯಾಯವೇ. ಆದರೆ 2023ರಲ್ಲಿ ಆ ಚೀಟಿಯ ಬೆಲೆಯನ್ನು ಏರಿಸಿ, ದಿನಕ್ಕೆ ಇಷ್ಟೇ ಎಂದು ಮಿತಿ ಹಾಕಿದಾಗ ಆಟಗಾರರು ಪ್ರತಿಭಟಿಸಿದರು. ಅವರೆಲ್ಲರನ್ನೂ ಸೋಮಾರಿಗಳೆಂದು ಹಳಿಯುವಂತಿಲ್ಲ. ನಡೆಯಲಾಗದ ಅಂಗವಿಕಲರಿದ್ದರು, ಜೊತೆಗಾರರೇ ಇಲ್ಲದ ಹಳ್ಳಿಗಳವರಿದ್ದರು. ಅವರ ಅಳಲು ನಿಜವಾದದ್ದು. ಆದರೂ ನಡೆಸುವುದಕ್ಕೆಂದು ಹುಟ್ಟಿದ ಆಟ ಕೂರಿಸುವುದಕ್ಕೂ ಬೆಲೆ ಕಟ್ಟಬಲ್ಲದೆಂಬುದು ಆಗ ತಿಳಿಯಿತು. 2025ರಲ್ಲಿ ನಯಾಂಟಿಕ್ ತನ್ನ ಮುಖ್ಯ ಆಟಗಳನ್ನು ಸ್ಕೋಪ್ಲಿ ಎಂಬ ಕಂಪೆನಿಗೆ 350 ಕೋಟಿ ಡಾಲರಿಗೆ ಮಾರಿತು. ಹೆಜ್ಜೆಗೂ ಪೇಟೆಯುಂಟು.

ಕಂಪೆನಿಯನ್ನು ದೂಷಿಸಿ ಪ್ರಯೋಜನವಿಲ್ಲ. ವ್ಯಾಪಾರಿಗೆ ಗಿರಾಕಿ ದಿನವೂ ಬರಬೇಕು. ವೈದ್ಯನಿಗೆ ರೋಗಿ ಮತ್ತೆ ಬರದಿದ್ದರೆ ಸಂತೋಷ. ನಡಿಗೆಯ ಆಟ ಕಟ್ಟುವವನು ಇವೆರಡರ ನಡುವೆ ನಿಂತಿದ್ದಾನೆ. ಅವನ ಆಟ ನಿಜವಾಗಿ ಗೆಲ್ಲುವುದು ಆಟಗಾರನಿಗೆ ಅದರ ಅಗತ್ಯ ತಪ್ಪಿದ ದಿನ. ಅದೇ ದಿನ ಅವನ ಸಂಪಾದನೆಯೂ ತಪ್ಪುತ್ತದೆ. ಈ ನಷ್ಟಕ್ಕೆ ಮೊದಲೇ ಒಪ್ಪಿಕೊಂಡು ಕಟ್ಟಿದ ಆಟಕ್ಕೂ, ಒಪ್ಪದೆ ಕಟ್ಟಿದ ಆಟಕ್ಕೂ ವ್ಯತ್ಯಾಸ ಕಂಡೇ ಕಾಣುತ್ತದೆ. ಒಂದು ಆಟ ಸಂಜೆಯ ಗಾಳಿಯನ್ನೂ ಹೊಂಗೆಯ ನೆರಳನ್ನೂ ಪರಿಚಯಿಸಿ ಹಿಂದೆ ಸರಿಯುತ್ತದೆ. ಇನ್ನೊಂದು ಆಟ ಗಾಳಿ ನೆರಳುಗಳ ನಡುವೆಯೂ ತನ್ನ ಮುಖವನ್ನೇ ನೋಡೆಂದು ಸೆರಗು ಜಗ್ಗುತ್ತದೆ.

ತಾಯಿ ತೋರಿಸುತ್ತಿದ್ದ ಚಂದ್ರನ ಜಾಗದಲ್ಲಿ ಇಂದು ಅನೇಕ ಮನೆಗಳಲ್ಲಿ ಮೊಬೈಲೇ ಬಂದು ಕುಳಿತಿದೆ. ಅದನ್ನು ಹಿಡಿಯದೆ ಮಗು ಬಾಯಿ ತೆರೆಯದು. ಚಂದ್ರನಲ್ಲಿ ಒಂದು ಗುಣವಿತ್ತು. ಅವನು ಮಗುವನ್ನು ತನ್ನ ಬಳಿ ಇಟ್ಟುಕೊಳ್ಳಲು ಯತ್ನಿಸಲಿಲ್ಲ. ತುತ್ತು ಮುಗಿಯಿತು, ಮಗು ತಾಯಿಯ ಹೆಗಲ ಮೇಲೆ ನಿದ್ದೆಹೋಯಿತು, ಚಂದ್ರ ತನ್ನ ಪಾಡಿಗೆ ತಾನು ಮೋಡದೊಳಗೆ ಹೋದ. ಬೆಳೆದ ಮಗ ಇಂದು ಚಂದ್ರನಿಲ್ಲದ ಅಮಾವಾಸ್ಯೆಯ ರಾತ್ರಿಯಲ್ಲಿಯೂ ಊಟ ಮಾಡುತ್ತಾನೆ. ನಡಿಗೆಗೆ ನೆಪವಾಗಬಯಸುವ ಆಟ ಕಲಿಯಬೇಕಾದ ಪಾಠ ಇದು.

ಕನ್ನಡದಲ್ಲಿ ‘ನಡೆ’ ಎಂದರೆ ಕಾಲಿನ ಕೆಲಸವೂ ಹೌದು, ಬಾಳಿನ ರೀತಿಯೂ ಹೌದು. ನಡಿಗೆ ನಡತೆಗಳೆರಡೂ ಒಂದೇ ಬೇರಿನ ಚಿಗುರು. ಮೊದಲನೆಯದು ಎರಡನೆಯದಾಗುವುದಕ್ಕೆ ಅರವತ್ತಾರು ದಿನ ಬೇಕೋ ಇನ್ನೂರೈವತ್ತು ದಿನ ಬೇಕೋ, ಅದು ಅವರವರ ಪ್ರಕೃತಿ. ಆ ದಿನಗಳನ್ನು ದಾಟಿಸುವುದಕ್ಕೆ ಮೊಟ್ಟೆಯಾಗಲಿ, ಅಂಕವಾಗಲಿ, ಮೊಮ್ಮಗಳ ಕಿರುಬೆರಳಾಗಲಿ, ಯಾವ ನೆಪ ದೊರೆತರೂ ಹಿಡಿದುಕೊಳ್ಳಬಹುದು. ದಾಟಿದ ಮೇಲೆ ಒಂದು ಸಂಜೆ ಮೊಬೈಲನ್ನು ಮನೆಯಲ್ಲಿಯೇ ಮರೆತು ಹೊರಟಿರುವುದು ಅರ್ಧ ದಾರಿಯಲ್ಲಿ ನೆನಪಾಗಿ, ಹಿಂದಿರುಗದೆ ಮುಂದಕ್ಕೇ ಹೆಜ್ಜೆ ಹಾಕಿದರೆ, ಅಂದು ಆಟ ಗೆದ್ದಿತೆಂದು ತಿಳಿಯಬೇಕು.